ನೀಲಗಂಗವ್ವನ ಲೋಟ

ನಮ್ಮ ಊರಿನಲ್ಲಿ ಯಾರದಾದರೂ ಮನೆಯ ಬಾಗಿಲು ಬೆಳಿಗ್ಗೆ ತಡವಾಗಿ ತೆರೆದರೆ ಓಣಿಯವರು ಏನಾಯಿತೆಂದು ಕೇಳುವುದಿಲ್ಲ. ಕೈ ನೋಡುತ್ತಾರೆ. ಅಗುಳಿ ತೆಗೆಯಲು ಒಂದು ಕೈ ಸಾಕಾಯಿತೋ ಎರಡೂ ಬೇಕಾದವೋ, ಕೊಡ ಹಿಡಿದು ಹೊರಬಂದವರ ಭುಜ ನೆಟ್ಟಗಿದೆಯೋ ಒಂದು ಕಡೆ ಜಗ್ಗಿದೆಯೋ ಎಂದು ಕಣ್ಣಂಚಿನಲ್ಲೇ ಅಳೆದುಬಿಡುತ್ತಾರೆ. ಮನೆಗೆ ಕಷ್ಟ ಬಂದರೆ ಆ ಮನೆಯ ಸಾಮಾನು ಆ ಮನೆಯವರ ಕೈಗೆ ಭಾರವಾಗುತ್ತದೆ. ಬೇರೆಯವರ ಕೈಗೆ ಅಲ್ಲ. ಮನೆಯೊಡೆಯ ಎರಡೂ ಕೈ ಹಾಕಿ ಎಳೆದರೂ ಅಲುಗದ ಕೊಡವನ್ನು ಪಕ್ಕದ ಮನೆಯ ಮುದುಕಿ ಸೊಂಟಕ್ಕೇರಿಸಿಕೊಂಡು ಹೋಗುತ್ತಾಳೆ. ಮೈಮೇಲಿನ ಬಟ್ಟೆ ಮಾತ್ರ ಭಾರವಾಗುವುದಿಲ್ಲ. ಕಷ್ಟ ಅದನ್ನು ಮೈಯ ಲೆಕ್ಕಕ್ಕೇ ಸೇರಿಸಿಕೊಂಡಿದೆಯೋ ಏನೋ, ಅಷ್ಟಾದರೂ ಮರ್ಯಾದೆ ಉಳಿದಿದೆ.

ಹೀಗಾಗಿ ನಮ್ಮಲ್ಲಿ ಕಷ್ಟದ ಮನೆಗೆ ಯಾರೂ ಏನನ್ನೂ ದಾನ ಕೊಡುವುದಿಲ್ಲ. ಕೊಟ್ಟುಬಿಟ್ಟರೆ ಅದು ಆ ಮನೆಯದಾಗುತ್ತದೆ, ಆದ ಕ್ಷಣವೇ ಭಾರವಾಗುತ್ತದೆ. ಆದ್ದರಿಂದ ಎರವಲು ಕೊಡುತ್ತಾರೆ. ಕೊಡುವಾಗ ಮುಖ ಗಂಟಿಕ್ಕಿಕೊಂಡು, "ಇದು ನಂದು, ಮರೀಬ್ಯಾಡ" ಎನ್ನುತ್ತಾರೆ. ಪರವೂರಿನವರು ಕೇಳಿದರೆ ಎಂಥ ಜಿಪುಣರಪ್ಪಾ ಎಂದುಕೊಂಡಾರು. ಆದರೆ ಹಾಗೆ ಗದರಿ ಕೊಟ್ಟ ಪಾತ್ರೆಯನ್ನು ತಂದವರು ತಮ್ಮದೆಂದು ಒಂದು ಗಳಿಗೆಯೂ ಅಂದುಕೊಳ್ಳುವುದಿಲ್ಲ. ಅದು ಹಗುರವಾಗಿಯೇ ಉಳಿಯುತ್ತದೆ.

ನನ್ನ ಹೆಸರು ಮೋನಪ್ಪ. ಪಾತ್ರೆಗಳಿಗೆ ಹೆಸರು ಹಾಕುವುದು ನನ್ನ ಕಸುಬು. ನಲವತ್ತು ವರ್ಷದಿಂದ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಒಂದು ಚಾಣ, ಒಂದು ಸಣ್ಣ ಸುತ್ತಿಗೆ ಹಿಡಿದು, ಚುಕ್ಕಿ ಚುಕ್ಕಿಯಾಗಿ ಅಕ್ಷರ ಬಿಡಿಸಿದ್ದೇನೆ. ಎಲ್ಲವೂ ಎರವಲು ಹೋಗುವ ಊರಿನಲ್ಲಿ ಹೆಸರಿಗೆ ಎಷ್ಟು ಬೆಲೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಓಣಿಯಲ್ಲಿ ನನ್ನ ಚಾಣ ತಾಗದ ಚಮಚವೂ ಇಲ್ಲ. ಗಿರಾಕಿಯ ಪಾತ್ರೆ ನನ್ನ ಕಟ್ಟೆಯ ಮೇಲೆ ವಾರವಿರಲಿ, ತಿಂಗಳಿರಲಿ, ಅದರಲ್ಲಿ ಒಂದು ಗುಟುಕು ನೀರು ಕುಡಿದವನಲ್ಲ ನಾನು. ಈ ಮಾತನ್ನು ನಾನು ಬಹಳ ಜಂಬದಿಂದ ಹೇಳುತ್ತಿದ್ದೆ. ಈಗ ಹೇಳುವಾಗ ನಾಲಿಗೆ ತಡವರಿಸುತ್ತದೆ.

ಅದೇ ಓಣಿಯಲ್ಲಿ ನನ್ನ ಮನೆಯ ಪಾತ್ರೆ ಮಾತ್ರ ಹೊಸ್ತಿಲು ದಾಟುತ್ತಿರಲಿಲ್ಲ, ಇನ್ನೊಬ್ಬರದು ಒಳಗೆ ಬರುತ್ತಿರಲಿಲ್ಲ. ಯಾರ ಹಂಗೂ ಬೇಡ ಎಂಬುದು ನನ್ನ ಸ್ವಭಾವ. ಪಕ್ಕದ ಮನೆಯ ಖುರ್ಶೀದಬಿ ಹಬ್ಬಕ್ಕೆ ಸುರಕುಂಬಾ ಪಾಯಸ ತಂದರೆ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, ನಮ್ಮ ಪಾತ್ರೆಗೆ ಸುರಿದುಕೊಂಡು, ಅವಳದನ್ನು ಅಲ್ಲೇ ಕೈಗೆ ಕೊಟ್ಟು ಕಳಿಸುತ್ತಿದ್ದೆ. ಪಾತ್ರೆ ಮರಳಿಸುವಾಗ ಖಾಲಿ ಕೊಡಬಾರದು, ಒಂದು ಚೂರು ಬೆಲ್ಲವನ್ನಾದರೂ ಹಾಕಬೇಕು ಎಂಬ ರೂಢಿ ನನಗೂ ಗೊತ್ತಿತ್ತು. ಒಳಗೆ ನನ್ನ ಹೆಂಡತಿ ಕಾಳಮ್ಮ ತುಟಿ ಕಚ್ಚಿಕೊಂಡು ನಿಂತಿರುತ್ತಿದ್ದಳು. ಮಕ್ಕಳಿಲ್ಲದ ಮನೆ ನಮ್ಮದು, ಮಾತಿಗೆ ಇದ್ದವರು ನಾವಿಬ್ಬರೇ. ಅವಳು ಜಗಳ ಆಡುವವಳಲ್ಲ. ತನಗೆ ಸರಿ ಕಂಡದ್ದನ್ನು ಸದ್ದಿಲ್ಲದೆ ಮಾಡಿ ಮುಗಿಸುವವಳು.

ಹನ್ನೊಂದು ವರ್ಷದ ಹಿಂದೆ ನಮ್ಮದೊಂದು ತಾಮ್ರದ ತಂಬಿಗೆ ಕಾಣೆಯಾಯಿತು. ನನ್ನ ಅಪ್ಪನ ಕಾಲದ್ದು. ಅದರ ಕಂಠದ ಸುತ್ತ ಅವನೇ ತನ್ನ ಹೆಸರು ಕೊರೆದುಕೊಂಡಿದ್ದ. ಬಟ್ಟೆ ಒಗೆಯಲು ಹೋದಾಗ ಹಳ್ಳಕ್ಕೆ ಹೋಯಿತು ಎಂದಳು ಕಾಳಮ್ಮ. ನಾಲ್ಕು ದಿನ ಮನೆ ತಲೆಯ ಮೇಲೆ ಹೊತ್ತು ಕೂಗಾಡಿದೆ. ಅವಳು ಎದುರಾಡಲಿಲ್ಲ, ಅಳಲೂ ಇಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಎದುರು ಸಾಲಿನಲ್ಲಿ, ಓಣಿಯ ನೀರಿನ ನಳದ ಆಚೆ, ನೀಲಗಂಗವ್ವನ ಮನೆ. ಅವಳಿಗೆ ಗಂಡ ಮೊದಲೇ ಇಲ್ಲ. ಒಂಬತ್ತು ವರ್ಷದ ಮಗಳೊಬ್ಬಳಿದ್ದಳು, ಅವಳೂ ಅದೇ ವರ್ಷ ಜ್ವರದಲ್ಲಿ ಹೋಗಿದ್ದಳು. ಅದಾದ ಮೇಲೆ ನೀಲಗಂಗವ್ವ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿಲ್ಲ. ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿರುತ್ತಿದ್ದಳು, ಅಷ್ಟೇ. ನಳಕ್ಕೆ ಬಂದರೆ ಅವಳ ಸೊಂಟದಲ್ಲಿ ಇನ್ನೊಬ್ಬರ ಹೆಸರಿನ ಕೊಡ. ಇವತ್ತು ಖುರ್ಶೀದಬಿಯದು, ನಾಳೆ ಗಿರಣಿ ತಿಪ್ಪಣ್ಣನ ಮನೆಯದು. ಹೆಸರು ಕೊರೆದವನು ನಾನೇ ಆದ್ದರಿಂದ ದೂರದಿಂದಲೇ ಗೊತ್ತಾಗುತ್ತಿತ್ತು. ಯಾರ ಮನೆಯ ಭಾರವಾದರೂ ವರ್ಷದೊಳಗೆ ಇಳಿಯುತ್ತದೆ, ಇವಳು ವರ್ಷಗಟ್ಟಲೆ ಮಂದಿಯ ಕೊಡದಲ್ಲಿ ನೀರು ತುಂಬುವ ಹೆಂಗಸು, ನಾಚಿಕೆಯಾದರೂ ಬೇಡವೇ ಎಂದು ನಾನು ಕಾಳಮ್ಮನ ಮುಂದೆ ಎಷ್ಟೋ ಸಲ ಆಡಿದ್ದೇನೆ. ಅವಳು ರೊಟ್ಟಿ ಬಡಿಯುವ ಸದ್ದನ್ನು ಒಂದಿಷ್ಟು ಜೋರು ಮಾಡುತ್ತಿದ್ದಳು.

ಹೋದ ಮಾಘದಲ್ಲಿ ಕಾಳಮ್ಮ ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ವೈದ್ಯರು ಬಂದು ನೋಡಿ, ನನ್ನನ್ನು ಕಟ್ಟೆಗೆ ಕರೆದು, ಇನ್ನು ಮಾಡುವಂಥದ್ದೇನಿಲ್ಲ ಎಂದರು. ಬಾಯಿ ಒಣಗದಂತೆ ನೋಡಿಕೊಳ್ಳಿ, ಗಳಿಗೆಗೊಮ್ಮೆ ಗುಟುಕು ನೀರು, ಇಳಿದರೆ ಒಂದಿಷ್ಟು ಗಂಜಿ, ಅಷ್ಟು ಮಾಡಿದರೆ ನೋವು ತಿಳಿಯದಂತೆ ಹೋಗುತ್ತಾರೆ ಎಂದರು. ಅಷ್ಟು ತಾನೇ, ನಾನೇನು ಕೈಲಾಗದವನೇ ಎಂದುಕೊಂಡೆ. ಮರುದಿನ ಬೆಳಿಗ್ಗೆ ಅವಳಿಗೆ ನೀರು ಕುಡಿಸಲು ಲೋಟಕ್ಕೆ ಕೈ ಹಾಕಿದೆ. ಲೋಟ ನೆಲ ಬಿಟ್ಟು ಏಳಲಿಲ್ಲ.

ಯಾರಿಗೂ ಹೇಳಲಿಲ್ಲ. ಅಗುಳಿ ಎತ್ತುವ ಗೊಡವೆಯೇ ಬೇಡವೆಂದು ಹಗಲೂ ರಾತ್ರಿ ಬಾಗಿಲು ತೆರೆದೇ ಬಿಟ್ಟೆ. ಸೆಖೆ ಎಂದೆ, ಮಾಘದ ಚಳಿಯಲ್ಲಿ! ಸುತ್ತಿಗೆ ಹಿಡಿಯಲಾಗದೆ, ಕೆಲಸ ಬಹಳ ಬಂದಿದೆ, ಯೋಚನೆ ಮಾಡುತ್ತಿದ್ದೇನೆ ಎಂಬಂತೆ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದೆ. ಮೂರನೆಯ ದಿನಕ್ಕೆ ಚಮಚವನ್ನೂ ಎರಡು ಕೈಯಿಂದ ಹಿಡಿಯಬೇಕಾಯಿತು. ಕಾಳಮ್ಮನ ಹೊದಿಕೆ ಅವಳ ಎದೆಯ ಮೇಲೆ ಕಲ್ಲು ಹೇರಿದಂತಾಗಿ ಅವಳು ಉಸಿರು ಕಟ್ಟಿ ನರಳಿದಳು. ಅದನ್ನು ಎಳೆದು ಕೆಳಗೆ ಹಾಕುವಷ್ಟರಲ್ಲಿ ನಾನು ಬೆವೆತುಹೋದೆ. ಅವಳು ಚಳಿಯಲ್ಲಿ ಮುದುಡಿ ಮಲಗಿದಳು.

ಆಗ ನನಗೊಂದು ಉಪಾಯ ಹೊಳೆಯಿತು. ಓಣಿಯ ನಳದ ನೀರು ಓಣಿಯದು. ಅದು ನಮ್ಮ ಕೊಡಕ್ಕೆ ಬಿದ್ದ ಮೇಲೆ ತಾನೇ ನಮ್ಮದಾಗುವುದು? ಬೊಗಸೆ ಒಡ್ಡಿ ನೀರು ಹಿಡಿದೆ. ಭಾರವಾಗಲಿಲ್ಲ. ನಳದಿಂದ ನಮ್ಮ ಹಾಸಿಗೆಗೆ ಇಪ್ಪತ್ತೊಂದು ಹೆಜ್ಜೆ. ಬೆರಳ ಸಂದಿಯಿಂದ ಸೋರಿ, ಕೊನೆಗೆ ಅವಳ ತುಟಿಗೆ ಮುಟ್ಟುತ್ತಿದ್ದುದು ನಾಲ್ಕು ಹನಿ. ಮತ್ತೆ ಹೋಗುವುದು, ಮತ್ತೆ ಬರುವುದು. ಒಂದು ಮುಂಜಾನೆ ಹಾಗೆ ಹದಿನಾರು ಸಲ ಹೋದೆ. ನಳದ ಹತ್ತಿರ ನೀಲಗಂಗವ್ವ ಕೊಡ ತುಂಬಿಸುತ್ತ ನಿಂತಿದ್ದಳು. ನನ್ನ ಬೊಗಸೆ ನೋಡಿದಳು, ನೆಲದ ಮೇಲೆ ನಳದಿಂದ ನಮ್ಮ ಹೊಸ್ತಿಲ ತನಕ ಬಿದ್ದ ನೀರಿನ ಗೆರೆ ನೋಡಿದಳು.

"ಕೈ ತೊಳಕೊಳ್ಳಾಕತ್ತೀನಿ. ಏನ್ ನೋಡತಿ?" ಎಂದು ರೇಗಿದೆ.

"ಏನಿಲ್ಲ ಯಣ್ಣ. ತೊಳಕೋ" ಎಂದು ಅವಳು ಕೊಡ ಏರಿಸಿಕೊಂಡು ಹೋದಳು.

ಮರುದಿನ ಬಿಸಿಲೇರುವ ಹೊತ್ತಿಗೆ ಅವಳು ನಮ್ಮ ಕಡೆ ಬರುವುದು ಕಾಣಿಸಿತು. ಎರಡೂ ಕೈಯಲ್ಲಿ ಏನನ್ನೋ ಹೊಟ್ಟೆಗೆ ಅವಚಿಕೊಂಡಿದ್ದಳು. ತಿಪ್ಪಣ್ಣನ ಕಟ್ಟೆಯ ಮೇಲೆ ಒಂದಿಷ್ಟು ಹೊತ್ತು ಕೂತಳು, ಎದ್ದು ನಾಲ್ಕು ಹೆಜ್ಜೆ ನಡೆದು ಖುರ್ಶೀದಬಿಯ ಕಟ್ಟೆಯ ಮೇಲೆ ಮತ್ತೆ ಕೂತಳು. ಕಟ್ಟೆ ಕಟ್ಟೆಗೆ ಹರಟೆ ಹೊಡೆಯುತ್ತ ಬರುತ್ತಿದ್ದಾಳೆ, ಇವಳಿಗೇನು ಕೆಲಸ ಎಂದುಕೊಂಡೆ. ನನ್ನ ಮುಂದೆ ಬಂದು ನಿಂತಾಗ ಅವಳ ಹಣೆ ಬೆವೆತಿತ್ತು, ಏದುಸಿರು ಬರುತ್ತಿತ್ತು. ಅವಚಿ ತಂದದ್ದನ್ನು ಬಗ್ಗಿ ನನ್ನ ಮಣೆಯ ಮೇಲೆ ಇಟ್ಟಳು. ಒಂದು ಸ್ಟೀಲಿನ ಲೋಟ.

"ಇದಕ್ಕ ನನ್ನ ಹೆಸರು ಹಾಕಿಕೊಡು ಯಣ್ಣ. ಅವಸರೇನಿಲ್ಲ. ನಾಕ ದಿನ ಇರಲಿ, ಎಂಟ ದಿನ ಇರಲಿ."

"ಒಳಗ ನನ್ನ ಹೇಣ್ತಿ ಮಲಗ್ಯಾಳ. ನಿನಗ ಹೆಸರಿನ ಚಿಂತಿ?"

"ಹೌದ ನೋಡು, ಚಿಂತಿ ಹತ್ತೇತಿ" ಎಂದಳು. ಒಳಗೊಮ್ಮೆ ಇಣುಕಿದಳು. "ನಂದದು. ಮರೀಬ್ಯಾಡ" ಎಂದು ಹೋದಳು.

ಅವಳ ಬೆನ್ನಿಗೇ ಗಿರಣಿ ತಿಪ್ಪಣ್ಣ ಬಂದ. ಮೈತುಂಬ ಹಿಟ್ಟು, ಹುಬ್ಬೂ ಬಿಳಿ, ಹೆಗಲ ಮೇಲೆ ತುಂಬಿದ ಕೊಡ. "ಕಾಕಾ, ಇದು ಸೋರತೈತೋ ಹೆಂಗೋ ತಿಳೀವಲ್ದು. ನೀರು ತುಂಬಿ ತಂದೀನಿ. ನಾಕ ದಿನ ಇಟಗೊಂಡು ನೋಡು. ಹಂಗ ಹೆಸರೂ ಹಾಕಿಬಿಡು" ಎಂದು ಕೊಡವನ್ನು ಒಳಗೇ ತಂದು ಕಾಳಮ್ಮನ ತಲೆದೆಸೆಗೆ ಇಟ್ಟು ಹೋದ. ಸೋರುವ ಕೊಡ ನೋಡಲು ನಾನೇನು ಕಲಾಯಿಯವನೇ ಎಂದು ಕೂಗಿದೆ. ಅವನಿಗೆ ಕೇಳಿಸಲಿಲ್ಲ. ಗಿರಣಿಯವನ ಕಿವಿ ತನಗೆ ಬೇಕಾದಾಗ ಮಂದವಾಗುತ್ತದೆ. ಮಧ್ಯಾಹ್ನ ಖುರ್ಶೀದಬಿ ಮುಚ್ಚಳದ ದಬರಿ, ಒಂದು ಚಮಚ ತಂದಳು. "ಇವೆರಡಕ್ಕೂ ಹೆಸರು ಬೇಕು ಅಣ್ಣಾರ. ಖಾಲಿ ಪಾತ್ರಿ ತರಬಾರದಂತ ಒಳಗ ಸ್ವಲ್ಪ ಗಂಜಿ ಹಾಕೀನಿ. ಏನಾರ ಮಾಡ್ರಿ ಅದನ್ನ."

ಖಾಲಿ ಪಾತ್ರೆಯ ಮಾತು ನನಗೆ ಚುಚ್ಚಿತು. ಇಷ್ಟು ವರ್ಷದ ಸೇಡು ಈಗ ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಮನೆಯಲ್ಲಿ ಇಂಥ ಹೊತ್ತು ಬಂದಿರುವಾಗ ಓಣಿಗೆ ಓಣಿಯೇ ಹೆಸರು ಹಾಕಿಸಲು ಸಾಲು ಹಚ್ಚಿದೆಯಲ್ಲ, ಮನುಷ್ಯರೇ ಇವರು? ಗಿರಾಕಿಯ ಪಾತ್ರೆಯಲ್ಲಿ ಬಂದ ಗಂಜಿ ಗಿರಾಕಿಯದು, ಮುಟ್ಟಬಾರದು ಎಂಬ ನನ್ನ ನಿಯಮ ಬೇರೆ. ದಬರಿಯನ್ನು ಕಾಲಲ್ಲೇ ಕಟ್ಟೆಯಂಚಿಗೆ ಸರಿಸಿ, ಮುಚ್ಚಳ ತಳ್ಳಿ, ಓಣಿಯ ನಾಯಿಗೆ ಬಿಟ್ಟೆ. ಅದು ಬಿಸಿ ಗಂಜಿಯನ್ನು ತಡೆದು ತಡೆದು ನೆಕ್ಕಿ ತಿಂದಿತು. ಒಳಗೆ ಎರಡು ದಿನದಿಂದ ಅನ್ನದ ಅಗುಳು ಕಾಣದ ನನ್ನ ಹೆಂಡತಿ ಮಲಗಿದ್ದಳು. ಇದನ್ನು ನಾನು ಹೇಳದೆ ಬಿಡಬಹುದಿತ್ತು. ಆದರೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಮಾರನೆಯ ದಿನ ನನ್ನ ಬೆರಳು ಸೋತು ಸಂದಿ ಬಿಟ್ಟವು. ನಳದಿಂದ ಬೊಗಸೆ ತುಂಬಿ ಹೊರಟರೆ ಹೊಸ್ತಿಲಿಗೆ ಬರುವಷ್ಟರಲ್ಲಿ ಒದ್ದೆ ಅಂಗೈ ಮಾತ್ರ ಉಳಿದಿರುತ್ತಿತ್ತು. ಆ ಅಂಗೈಯನ್ನೇ ಅವಳ ತುಟಿಗೆ ಒರೆಸಿದೆ. ಕಾಳಮ್ಮ ಕಣ್ಣು ತೆರೆದು ನೋಡಿದಳು.

"ಆ ಕೊಡದಾಗ ನೀರೈತಿ. ಲೋಟಾ ಐತಿ. ಅದರಾಗ ಕೊಡ್ರಿ" ಎಂದಳು.

"ಗಿರಾಕಿ ಸಾಮಾನು ಕಾಳೀ. ಒಂದು ದಿನಾನೂ ಮುಟ್ಟಿದವನಲ್ಲ ನಾನು."

ಅವಳು ಗೋಡೆ ಕಡೆ ಮುಖ ತಿರುಗಿಸಿದಳು. ಬಾಯಾರಿಕೆಗಿಂತ ನನ್ನ ಮೇಲಿನ ಮರುಕವೇ ಅವಳಿಗೆ ಹೆಚ್ಚಾಗಿತ್ತೇನೋ. ಆಮೇಲೆ, "ಹಂಗಾರ ಹೆಸರು ಹಾಕಿ ಕೊಟ್ಟಬಿಡ್ರಿ. ಇಲ್ಲೇ, ನನ್ನ ಕಣ್ಣ ಮುಂದ ಹಾಕ್ರಿ. ನೀವು ಕೆಲಸ ಮಾಡೂದು ನೋಡಿ ಬಾಳ ದಿನ ಆತು" ಎಂದಳು.

ಸಾಯುವವಳ ಆಸೆ. ಕಟ್ಟೆಗೆ ಹೋಗಿ ಮಣೆಯ ಮೇಲಿನ ಲೋಟಕ್ಕೆ ಕೈ ಹಾಕಿದೆ. ಅದು ಎಷ್ಟು ಸಲೀಸಾಗಿ ಎದ್ದು ಬಂತೆಂದರೆ, ಹೆಚ್ಚು ಬಲ ಹಾಕಿದ್ದ ನನ್ನ ಕೈ ಮೂಗಿಗೇ ಬಂದು ಬಡಿಯಿತು. ಒಳಗೆ ತಂದು ಅವಳ ಪಕ್ಕ ಕೂತೆ. ಸುತ್ತಿಗೆ ಎತ್ತುವುದು ಹೇಗೆಂಬ ಚಿಂತೆಯಲ್ಲೇ, ಹೆಸರಿಗೆ ಜಾಗ ಎಲ್ಲಿದೆ ಎಂದು ಲೋಟ ತಿರುಗಿಸಿದೆ. ಅಂಚಿನ ಕೆಳಗೆ ಚುಕ್ಕಿಗಳಿದ್ದವು. ನೀಲಗಂಗವ್ವ ಎಂದು ಪೂರ್ತಿ ಹೆಸರು. ಕೊನೆಯ ಅಕ್ಷರ ಒಂದಿಷ್ಟು ಮೇಲಕ್ಕೆ ಹತ್ತಿತ್ತು, ನನ್ನ ಹರೆಯದ ಕೈಯ ಅಭ್ಯಾಸ ಅದು. ಅವಳ ಮದುವೆಯ ಲೋಟ. ಕೊರೆದವನು ನಾನು.

ಎದ್ದು ಹೋಗಿ ಚಮಚ ನೋಡಿದೆ. ಹೆಸರಿತ್ತು. ನಾಯಿ ನೆಕ್ಕಿದ ದಬರಿ ನೋಡಿದೆ. ಹೆಸರಿತ್ತು. ತಲೆದೆಸೆಯ ಕೊಡದ ಕಂಠದ ಮೇಲೆ ತಿಪ್ಪಣ್ಣನ ತಾಯಿಯ ಹೆಸರು ನನ್ನನ್ನೇ ನೋಡುತ್ತಿತ್ತು. ಒಂದೇ ಒಂದು ಪಾತ್ರೆಗೂ ಹೆಸರು ಬೇಕಿರಲಿಲ್ಲ. ಎದುರಿಗೆ ಬಂದು ಕೊಟ್ಟರೆ ನಾನು ಬಾಗಿಲಲ್ಲೇ ನಿಲ್ಲಿಸಿ ಮರಳಿಸುತ್ತೇನೆಂದು ಅವರಿಗೆ ಗೊತ್ತಿತ್ತು. ಗಿರಾಕಿಯ ಸಾಮಾನನ್ನು ಮಾತ್ರ ಈ ಮೋನಪ್ಪ ಹೊರಗೆ ಹಾಕುವುದಿಲ್ಲ ಎಂದೂ ಗೊತ್ತಿತ್ತು. ಇಂಥ ಹೊತ್ತಿನಲ್ಲೂ ನಾನು ಅದನ್ನು ಮುಟ್ಟುವುದಿಲ್ಲ ಎಂಬುದೊಂದು ಅವರಿಗೆ ತಿಳಿದಿರಲಿಲ್ಲ. ಅಷ್ಟು ಮೂರ್ಖ ಇರಲಾರ ಎಂದುಕೊಂಡಿದ್ದರೋ ಏನೋ.

"ನಿನಗ ಗೊತ್ತಿತ್ತೇನು?" ಎಂದೆ.

"ನಿಮಗ ಗೊತ್ತಾಗಲಿ ಅಂತ ಕಾದೆ" ಎಂದಳು ಕಾಳಮ್ಮ.

ತಿಪ್ಪಣ್ಣನ ಕೊಡ ಬಗ್ಗಿಸಿ ನೀಲಗಂಗವ್ವನ ಲೋಟದಲ್ಲಿ ನೀರು ಹಿಡಿದೆ. ಒಂದೇ ಕೈಯಲ್ಲಿ ಕಾಳಮ್ಮನ ತುಟಿಗೆ ಹಿಡಿದೆ. ಅವಳು ಕುಡಿದಳು. ಅರ್ಧ ಲೋಟ ಕುಡಿದಳು. ಗಂಟಲಿಗೆ ನೀರಿಳಿಯುವ ಸದ್ದು ಕೇಳಿ ನಾನು ಅತ್ತುಬಿಟ್ಟೆ. ಅರವತ್ತಮೂರು ವರ್ಷದ ಗಂಡಸು, ಬಾಗಿಲು ಬೇರೆ ಹಾರುಹೊಡೆದಿತ್ತು. ಓಣಿಯವರಿಗೆ ಕೇಳಿಸಿರಲೇಬೇಕು.

ಲೋಟ ಹಿಡಿದೇ ಕಟ್ಟೆಗೆ ಬಂದು ನಿಂತೆ. ಓಣಿಯವರನ್ನು ಕರೆಯಬೇಕು ಎಂದಿತ್ತು, ಬಾಯಿ ಬರಲಿಲ್ಲ. ಆ ಅಭ್ಯಾಸವೇ ಇರಲಿಲ್ಲವಲ್ಲ. ಅಕ್ಕಿ ಆರಿಸುತ್ತಿದ್ದ ಖುರ್ಶೀದಬಿ ತಲೆ ಎತ್ತಿ ನನ್ನ ಕೈಯಲ್ಲಿನ ಲೋಟ ನೋಡಿದಳು. ಮೊರ ಪಕ್ಕಕ್ಕಿಟ್ಟು ಒಳಗೆ ಹೋಗಿ, ಹೆಗಲ ಮೇಲೆ ಕೌದಿ ಹಾಕಿಕೊಂಡು ಬಂದಳು. ಓಣಿಯ ಹಳೆಯ ಸೀರೆಗಳ ತುಂಡು ಸೇರಿಸಿ ಅವಳೇ ಹೊಲಿದದ್ದು. "ನನ್ನ ಕೌದಿ ಇದು ಅಣ್ಣಾರ. ಮರೀಬ್ಯಾಡ್ರಿ" ಎಂದು ಗದರಿಕೊಂಡೇ ನನ್ನನ್ನು ದಾಟಿ ಒಳಗೆ ಹೋದಳು.

ನಾಯಿಗೆ ಹಾಕಿದ ಗಂಜಿಯ ವಿಷಯವನ್ನು ಅವಳ ಬೆನ್ನಿಗೆ ಹೇಳಿದೆ. ಮುಖ ನೋಡಿ ಹೇಳಲು ಆಗಲಿಲ್ಲ.

"ನೋಡೀನಿ. ಅದಕ್ಕೂ ಹಸಿವಾಗಿತ್ತು ಬಿಡ್ರಿ" ಎಂದಳು.

ಅವತ್ತಿನಿಂದ ಹದಿನೆಂಟು ದಿನ ನಮ್ಮ ಮನೆಯಲ್ಲಿ ನಮ್ಮದೆಂಬ ಒಂದು ವಸ್ತುವೂ ಬಳಕೆಯಲ್ಲಿರಲಿಲ್ಲ. ತಿಪ್ಪಣ್ಣ ದಿನಾ ಮುಂಜಾನೆ ಕೊಡ ತುಂಬಿ ತರುತ್ತಿದ್ದ, ಸೋರುತ್ತದೋ ಇಲ್ಲವೋ ಇನ್ನೂ ಖಾತ್ರಿಯಾಗಿಲ್ಲ ಎನ್ನುತ್ತಿದ್ದ. ಖುರ್ಶೀದಬಿ ಗಂಜಿ ಕಾಸುತ್ತಿದ್ದಳು. ಕಾಳಮ್ಮನನ್ನು ಎತ್ತಿ ಮಗ್ಗುಲು ಬದಲಿಸುವ, ಮೈ ಒರೆಸುವ, ತಲೆ ಬಾಚುವ ಕೆಲಸವೆಲ್ಲ ನೀಲಗಂಗವ್ವನದು. ನನಗೆ ನನ್ನ ಹೆಂಡತಿಯ ತಲೆಯನ್ನು ದಿಂಬಿನಿಂದ ಎತ್ತಲೂ ಆಗುತ್ತಿರಲಿಲ್ಲ. ನಲವತ್ತು ವರ್ಷ ನನ್ನ ಪಕ್ಕ ಮಲಗಿದವಳು, ಎಲುಬು ಚರ್ಮವಾಗಿ ಕೂಸಿನಷ್ಟೇ ಉಳಿದಿದ್ದವಳು, ನನ್ನ ಕೈಗೆ ಅಲುಗುತ್ತಿರಲಿಲ್ಲ. ನೀಲಗಂಗವ್ವ ಬೆನ್ನ ಕೆಳಗೆ ಕೈ ತೂರಿಸಿ ಮೆಲ್ಲಗೆ ಎತ್ತಿ ಕೂಡಿಸುತ್ತಿದ್ದಳು. ಬೆಳಗಿನಿಂದ ಸಂಜೆಯ ತನಕ ನಮ್ಮ ಮನೆಯಲ್ಲೇ ಇರುತ್ತಿದ್ದಳು, ನಮ್ಮ ಅಂಗಳ ಗುಡಿಸುತ್ತಿದ್ದಳು, ನಾನು ಅಲುಗಿಸಲಾಗದ ನಮ್ಮ ಹಂಡೆಯನ್ನು ತಾನೇ ಹೊರಗೆ ಎಳೆದು ಬೆಳಗುತ್ತಿದ್ದಳು.

"ನಿನ್ನ ಮನಿ ಕೆಲಸ ಇರೂದಿಲ್ಲೇನವ್ವ?" ಎಂದು ಒಂದು ದಿನ ಕೇಳಿದೆ.

"ಇಲ್ಲಿ ಕೈ ಹಗೂರ ಇರತೈತಿ ಯಣ್ಣ" ಎಂದಳು. ಕಾಳಮ್ಮ ಅವಳ ಸೆರಗು ಹಿಡಿದು ಏನೋ ಸನ್ನೆ ಮಾಡಿದಳು. ನೀಲಗಂಗವ್ವ ಅಂಗಳ ಗುಡಿಸಲು ಎದ್ದಳು. ಹೆಂಗಸರ ಮಾತೆಂದು ನಾನೂ ಬಿಟ್ಟೆ.

ಕೊನೆಯ ದಿನ ಮಧ್ಯಾಹ್ನ ಕಾಳಮ್ಮ ನನ್ನೊಬ್ಬನನ್ನೇ ಕರೆದಳು. "ಆ ತಂಬಗಿ ಹಳ್ಳಕ್ಕ ಹೋಗಿಲ್ಲ" ಎಂದಳು.

ಯಾವ ತಂಬಿಗೆ ಎಂದು ಕೇಳಬೇಕಾಗಲಿಲ್ಲ. "ಮತ್ತ ಎಲ್ಲೈತಿ?"

"ಕೆಲಸಕ್ಕ ಹೋಗೈತಿ. ಕೇಳಾಕ ಹೋಗಬ್ಯಾಡ್ರಿ. ಸಿಕ್ಕರ ಸಿಟ್ಟಾಗಬ್ಯಾಡ್ರಿ."

"ಆಗೂದಿಲ್ಲ" ಎಂದೆ. ನೀರು ಬೇಕೆಂದು ಬಾಯಿ ತೆರೆದಳು. ಲೋಟ ಹಿಡಿದೆ. ಎರಡನೆಯ ಗುಟುಕು ಒಳಗೆ ಇಳಿಯಲಿಲ್ಲ, ತುಟಿಯಂಚಿನಿಂದ ಕೌದಿಯ ಮೇಲೆ ಹರಿಯಿತು.

ಓಣಿಯವರೇ ಅವಳನ್ನು ಹೊತ್ತರು. ಮುಂದಿನ ಬಲಗಡೆ ತಿಪ್ಪಣ್ಣ ಹೆಗಲು ಕೊಟ್ಟಿದ್ದ. ಒಂದು ಹಿಡಿ ಮಣ್ಣು ಹಾಕು ಎಂದರು. ಹಿಡಿಗೆ ಬಂದ ಮಣ್ಣು ಊರಿನದು, ನನ್ನದಲ್ಲ, ಅದಕ್ಕೆ ಭಾರವೇ ಇರಲಿಲ್ಲ. ಅದೊಂದಾದರೂ ಭಾರವಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಬೇಸಗೆ ಕಳೆದು ಮೊದಲ ಮಳೆ ಬಂದು ನಾಲ್ಕು ದಿನವಾಗಿತ್ತು. ಮುಖ ತೊಳೆಯಲು ಹೋದವನು ಕಣ್ಣುಜ್ಜಿಕೊಳ್ಳುತ್ತ ಕೈಗೆ ಸಿಕ್ಕ ಚೊಂಬು ಎತ್ತಿದೆ. ಮುಖಕ್ಕೆ ನೀರು ಹಾಕಿಕೊಂಡ ಮೇಲೆ ನೋಡುತ್ತೇನೆ, ಅದು ನಮ್ಮದೇ ಚೊಂಬು. ಒಂದೇ ಕೈಯಲ್ಲಿತ್ತು. ಸಂತೋಷವಾಗಲಿಲ್ಲ. ಇಷ್ಟು ಬೇಗವೇ, ನಾಲ್ಕೇ ತಿಂಗಳಿಗೆ ಅವಳು ಇಷ್ಟು ಹಗುರವಾದಳೇ ಎಂದು ನನ್ನ ಮೇಲೇ ಸಿಟ್ಟು ಬಂತು. ಚೊಂಬನ್ನು ಕೆಳಗಿಟ್ಟು ಮತ್ತೊಮ್ಮೆ ಎತ್ತಿ ನೋಡಿದೆ. ಎದ್ದಿತು. ಇನ್ನು ಮಂದಿಯ ಸಾಮಾನು ಇಟ್ಟುಕೊಳ್ಳುವಂತಿರಲಿಲ್ಲ.

ಎಲ್ಲವನ್ನೂ ಬೂದಿ ಹಾಕಿ ಬೆಳಗಿದೆ, ಕೌದಿ ಒಗೆದು ಒಣಗಿಸಿದೆ. ಬೆಲ್ಲದ ಅಚ್ಚು ತಂದು ಒಡೆದು ಒಂದೊಂದು ಪಾತ್ರೆಗೂ ಒಂದೊಂದು ಹೆಂಟೆ ಹಾಕಿದೆ. ಖುರ್ಶೀದಬಿ ದಬರಿಯ ಮುಚ್ಚಳ ತೆಗೆದು ಬೆಲ್ಲ ನೋಡಿ, ನನ್ನ ಮುಖ ನೋಡಿ, "ಕಾಳಕ್ಕ ಇದನ್ನ ನೋಡಬೇಕಿತ್ತು" ಎಂದಳು. ತಿಪ್ಪಣ್ಣ ಮಾತ್ರ ಕೊಡವನ್ನು ಬೆಳಕಿಗೆ ಹಿಡಿದು ತಿರುಗಿಸಿ, "ಸೋರೂದಿಲ್ಲ ಅಂದಂಗಾತು" ಎಂದು ಕಣ್ಣೊರೆಸಿಕೊಂಡ. ಕಣ್ಣ ಸುತ್ತ ಹಿಟ್ಟು ಮೆತ್ತಿಕೊಂಡಿತು.

ಕೊನೆಗೆ ಲೋಟ ಹಿಡಿದು ನೀಲಗಂಗವ್ವನ ಮನೆಗೆ ಹೋದೆ. ಅಡ್ಡ ಕಟ್ಟಿದ ಸೀರೆ ಸರಿಸಿ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಅಡುಗೆಮನೆಯ ಹಲಗೆಯ ಮೇಲೆ ಪಾತ್ರೆ ಸಾಲಾಗಿದ್ದವು. ಗಂಗಾಳ ಒಬ್ಬರದು, ಬೋಗುಣಿ ಇನ್ನೊಬ್ಬರದು, ಸೌಟು ಮತ್ತೊಬ್ಬರದು. ಎಲ್ಲ ನನ್ನ ಕೈಯ ಅಕ್ಷರಗಳೇ. ಅವಳ ಹೆಸರಿನವು ಮಾತ್ರ ಮೂಲೆಯಲ್ಲಿ, ನೆಲದ ಮೇಲೆ, ಧೂಳು ಹಿಡಿದು ಕೂತಿದ್ದವು. ಅವುಗಳ ನಡುವೆ ಒಂದು ಚಿಕ್ಕ ಹುಡುಗಿಯ ತಾಟು.

ನಾನು ಲೋಟ ಮುಂದೆ ಹಿಡಿದೆ. "ಅಲ್ಲೇ ಕೆಳಗಿಡು ಯಣ್ಣ" ಎಂದಳು ಅವಳು. ಬೆಲ್ಲ ಹಾಕಿದ ಲೋಟವನ್ನು ನೆಲಕ್ಕಿಡುವುದುಂಟೇ? ಅವಳ ಕೈ ಹಿಡಿದು ಅಂಗೈ ಮೇಲೆ ಇಟ್ಟೆ.

ಅವಳ ಕೈ ಕುಸಿಯಿತು. ಲೋಟ ನೆಲಕ್ಕೆ ಬಡಿಯಿತು, ಬೆಲ್ಲ ಉರುಳಿ ಒಲೆಯ ಹತ್ತಿರ ಹೋಯಿತು. ಅವಳು ಮಣಿಕಟ್ಟು ಹಿಡಿದುಕೊಂಡು ಕೂತುಬಿಟ್ಟಳು. ನಾನು ಬಗ್ಗಿ ಲೋಟವನ್ನು ಎರಡು ಬೆರಳಲ್ಲಿ ಎತ್ತಿದೆ. ಆಗ ಎಲ್ಲ ಒಟ್ಟಿಗೆ ತಿಳಿಯಿತು. ಮುಚ್ಚದ ಬಾಗಿಲು, ಮಂದಿಯ ಕೊಡ, ನಾನು ಆಡಿಕೊಂಡ ಮಾತು.

"ಹನ್ನೊಂದು ವರ್ಷಾತಲ್ಲ ತಂಗೀ!"

"ಕೆಲವರ ಮನೀದು ಇಳೀತೈತಿ ಯಣ್ಣ. ನಂದು ಇಳೀಲಿಲ್ಲ. ಅಷ್ಟ" ಎಂದಳು. ಅದರಲ್ಲಿ ದೂರು ಇರಲಿಲ್ಲ.

"ಅವತ್ತ ಇದನ್ನ ಅಲ್ಲೀತನಕ ಹೆಂಗ ತಂದಿ?"

"ಎರಡ ಕಡೆ ಕುಂತ್ನೆಲ್ಲ. ನೀ ನೋಡತಿದ್ದಿ."

"ಈ ಹಲಗಿ ಮ್ಯಾಲೆ ಇಷ್ಟು ಸಾಮಾನ ಐತಿ. ಅದರಾಗಿಂದ ಒಂದು ಹಗೂರಂದು ತರಬಾರದಾಗಿತ್ತ?"

"ಮಂದೀದು ನಾ ಹೆಂಗ ಎರವಲು ಕೊಡಲಿ?" ಎಂದಳು ನೀಲಗಂಗವ್ವ, ಇಷ್ಟೂ ತಿಳಿಯದೇ ಎಂಬಂತೆ. "ಕೊಟ್ಟರ ನಂದ ಕೊಡಬೇಕಲ್ಲ."

ನಾನು ಅಲ್ಲೇ ಮಣೆಯ ಮೇಲೆ ಕೂತೆ. ಅವಳು ಎದ್ದು ಬಚ್ಚಲ ಕಡೆ ಹೋಗಿ, ಒಂದು ತಾಮ್ರದ ತಂಬಿಗೆ ತಂದು ನನ್ನ ಮುಂದಿಟ್ಟಳು. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅದರ ಕಂಠದ ಅಕ್ಷರ ಸವೆದಿದ್ದವು. ಆದರೂ ಅಪ್ಪನ ಹೆಸರು ಓದಲು ಬರುತ್ತಿತ್ತು.

"ಹುಡುಗಿ ಹೋದ ಮೂರನೇ ದಿನ ಕಾಳಕ್ಕ ತಂದಿಟ್ಟಳು. ನೀರು ಕುಡ್ಯಾಕ ಇದೊಂದ ಏಳತಿತ್ತು ನನ್ನ ಕೈಗೆ. ಎಷ್ಟ ಸಲ ವಾಪಸ್ ಕೊಡಾಕ ಹೋದರೂ ಇರಲಿ ಅಂದಳು. ಈಗ ಆಕಿನೂ ಇಲ್ಲ. ನಿಮ್ಮಪ್ಪಂದು ತಗೋ ಯಣ್ಣ" ಎಂದಳು.

ಆ ತಂಬಿಗೆಯನ್ನು ಕೈಗೆ ತೆಗೆದುಕೊಂಡೆ. ಕಾಳಮ್ಮನ ಕೈ ಅದರ ಮೇಲೆ ಎಲ್ಲೆಲ್ಲಿ ಇತ್ತೋ ಎಂದು ಹೆಬ್ಬೆರಳಿನಿಂದ ತಡವಿದೆ. ಆಮೇಲೆ ಅದನ್ನು ಅವಳ ಮುಂದಕ್ಕೆ ಸರಿಸಿದೆ. ಮುಖ ಎಷ್ಟು ಗಂಟಿಕ್ಕಿಕೊಳ್ಳಲು ಬರುತ್ತದೋ ಅಷ್ಟು ಗಂಟಿಕ್ಕಿಕೊಂಡೆ.

"ಇದು ನಂದು. ಇಲ್ಲಿ ಹೆಸರು ನೋಡು. ಮರೀಬ್ಯಾಡ."

ನೀಲಗಂಗವ್ವ ನನ್ನನ್ನೇ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ತಂಬಿಗೆಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡು, ನನಗೆ ಕುಡಿಯಲು ನೀರು ತರಲು ಒಳಗೆ ಹೋದಳು. ನಾನು ಕಾಯುತ್ತ ಕೂತೆ.